ನಾಯಿ ಹಿಡಿದುಕೊಳ್ಳಿ

ಉಲಾನ್‌ಬಾತರ್, ನಾಲ್ಕನೇ ಮಹಡಿ. ಹೊರಗೆ ಮೈನಸ್ ಮೂವತ್ತೊಂದು.
ಕಿಟಕಿಯ ಒಳಮೈಗೂ ಹಿಮದ ಪೊರೆ,
ಕಲ್ಲಿದ್ದಲ ಹೊಗೆ ಊರನ್ನೇ ಒರೆಸಿಹಾಕಿದೆ.
ನಾವು ಏಳು ಜನ, ಥರ್ಮಾಸಿನಲ್ಲಿ ಉಪ್ಪು ಬೆರೆಸಿದ ಹಾಲು ಚಹಾ,
ಬೋರ್ಡಿನ ಮುಂದೆ ದೆಲ್ಗರ್ಮಾ.

“ಇವತ್ತು ಕೋಡು ಬೇಡ. ಮನೆ ಬರೆಯಿರಿ.”
ಬರೆದೆವು, ದುಂಡಗೆ, ನಮ್ಮ ಗೆರ್ ಗುಡಾರದ ಹಾಗೆ:
ನಡುವೆ ಒಲೆಯಿರುವಲ್ಲಿ ಮಾಹಿತಿ, ತೆಂಕಣಕ್ಕೆ ಬಾಗಿಲು.
“ಯಾರನ್ನು ನಂಬುತ್ತೀರಿ, ಎಲ್ಲಿಯವರೆಗೆ? ಅಲ್ಲಿ ಗೆರೆ ಎಳೆಯಿರಿ.”
ನಾನು ಬಾಗಿಲಿಗೊಂದೇ ಗೆರೆ ಎಳೆದೆ.
ಒಳಗೆ ಬಂದವರೆಲ್ಲ ನಮ್ಮವರೇ ತಾನೇ?
ಅವಳು ನಕ್ಕಳು. ಆ ನಗು ನನಗೆ ಹಿಡಿಸಲಿಲ್ಲ.

ನಾನು ಕಟ್ಟಿದ್ದು ಕುರಿ ವಿಮೆಯ ಆ್ಯಪು.
ಜುದ್ ಬಿದ್ದ ಚಳಿಗಾಲ ಹುಲ್ಲೆಲ್ಲ ಮಂಜಿನಡಿ ಹೂತು
ನಿಂತಲ್ಲೇ ಸೆಟೆದ ಹಿಂಡಿಗೆ
ತಲೆಗಿಷ್ಟು ಎಂದು ಲೆಕ್ಕ ಕಟ್ಟಿ ಕೊಡುವಂಥದ್ದು.
ದೆಲ್ಗರ್ಮಾ ಕುರ್ಚಿ ಎಳೆದು ಕೂತಳು.
‘ಉಳಿದ ಕುರಿ’ ಎಂಬಲ್ಲಿ ಒತ್ತಿದಳು: ಮೈನಸ್ ನಾಲ್ಕು ಸಾವಿರ.
ಆ್ಯಪು ಒಂದು ಚಣ ಯೋಚಿಸಿ,
ಹುಟ್ಟೇ ಇರದ ಕುರಿಗಳ ಸಾವಿಗೆ ಮರುಗಿ
ದುಡ್ಡು ಕೊಟ್ಟಿತು.

‘ಹೆಸರು’ ಎಂಬಲ್ಲಿ ಒಂದು ಉದ್ಧರಣ ಚಿಹ್ನೆ,
ಉಗುರು ಗೀರಿದಷ್ಟು; ಹಿಂದೆಯೇ ಪುಟ್ಟದೊಂದು ಆಜ್ಞೆ.
ಹನ್ನೊಂದು ಸಾವಿರ ಕುಟುಂಬಗಳ ಖಾತೆ, ಫೋನು, ಸಾಲ
ಹರಿದ ಚೀಲದ ಕಾಳಾಗಿ ಪರದೆ ತುಂಬ ಸುರಿದವು.
ಬೇಲಿ ಇತ್ತು.
ಹೊಲ ಮೇಯುತ್ತಿದ್ದುದೇ ಅದು.

ಆಮೇಲೆ, ಬೇಕೆಂದೇ, ನನ್ನ ಹೆಸರು ಹಾಕಿದಳು: ನೆರ್ಗುಯ್.
ನಮ್ಮ ಮಾತಲ್ಲಿ ‘ಹೆಸರಿಲ್ಲ’ ಎಂದರ್ಥ.
ನನಗಿಂತ ಮುಂಚಿನ ಎರಡು ಕೂಸು ಉಳಿಯದೆ ಹೋಗಿ
ಅಜ್ಜಿ ಇಟ್ಟದ್ದು.
ಮಗುವನ್ನು ಹುಡುಕಿ ಬಂದ ಕೆಟ್ಟದ್ದು
ಯಾರಿದ್ದೀರಿ ಒಳಗೆ ಎಂದರೆ
ಹೆಸರಿಲ್ಲ ಅನ್ನಲಿ, ಅದು ದಾರಿ ತಪ್ಪಿ ಹೋಗಲಿ ಎಂದು.
ಹಳೆ ಕಡತಗಳ ಖಾಲಿ ಜಾಗದಲ್ಲಿ ಗುಮಾಸ್ತರು ಗೀಚಿದ ಪದವೂ ಅದೇ;
ಕಸವೆಂದು ಸೋಸಲು ನಾನೇ ಹೇಳಿದ್ದೆ.
ಸದಾ ಅಡ್ಮಿನ್ ಆಗಿ ಹಿತ್ತಿಲಿಂದ ನುಗ್ಗುತ್ತಿದ್ದವನು
ನನ್ನದೇ ಹೆಸರಲ್ಲಿ ಒಮ್ಮೆಯೂ ಬಂದಿರಲಿಲ್ಲ.
ನೀವು ಇಲ್ಲ, ಎಂದಿತು ಪರದೆ.
ಎಲ್ಲರೂ ನಕ್ಕರು. ನಾನೂ. ಕಿವಿ ಸುಡುತ್ತಿತ್ತು.
“ಅಜ್ಜಿಗೆ ಅಡಗಿಸುವುದು ಬಿಟ್ಟು ಬೇರೆ ದಾರಿ ಇರಲಿಲ್ಲ,” ಎಂದಳು,
“ನಿನಗಿದೆ.”

ಕೋಟೆ ಸೂರೆ ಹೋಗುವ ಮುಂಚೆಯೇ ದಿಡ್ಡಿ ಬಾಗಿಲು ಹಾಕುವವನು ನಾನೊಬ್ಬನೇ
ಎಂಬ ಹುರುಪಿನಲ್ಲಿ ಐದು ವಾರ.
ಒಳಗಿನ ಬಾಗಿಲು ಬಾಗಿಲಿಗೂ ಒಬ್ಬ ಕಾವಲುಗಾರ: ನೀನು ಯಾರು, ಇಲ್ಲೇನು ಕೆಲಸ,
ಅಷ್ಟೇ ಮುಟ್ಟು, ಮಿಕ್ಕದ್ದು ಮುಟ್ಟಬೇಡ.
ಮೂರು ಸಲ ತಪ್ಪಿದರೆ ಇಡೀ ದಿನ ಹೊರಗೆ.

ಚಾಲೂ ಮಾಡಿದ ರಾತ್ರಿಯೇ ಫೋನು.
ದುಂದ್‌ಗೋವಿಯ ತ್ಸೆರೆಂದುಲಂ, ಎಪ್ಪತ್ತು ದಾಟಿದವಳು.
ಹಿಮ ಕಚ್ಚಿ ಕರಿದಾದ ಹೆಬ್ಬೆರಳು, ಗುರುತು ಹತ್ತುತ್ತಿಲ್ಲ.
ಅಂಗಳದಲ್ಲಿ ಎಂಬತ್ತು ಮೇಕೆ ಒಂದರ ಮೇಲೊಂದು.
“ಮೂರು ಸಲ ಕೂಗಿದೆ ಮಗಾ. ನಿನ್ನ ಮನೆಯಲ್ಲಿ ಯಾರೂ ಇಲ್ಲವಾ?”

ಬಯಲಿನಲ್ಲಿ ಯಾರೂ ಬಾಗಿಲು ತಟ್ಟುವುದಿಲ್ಲ.
ದೂರದಿಂದಲೇ ಕೂಗುತ್ತಾರೆ: ನೊಖೊಯ್ ಖೊರ್! ನಾಯಿ ಹಿಡಿದುಕೊಳ್ಳಿ!
ನಾಯಿಯಿಲ್ಲದ ಮನೆಗೂ ಹಾಗೆಯೇ.
ಒಳಗಿನವರು ಹೊರಬಂದು, ಮುಖ ನೋಡಿ,
ನಾಯಿಯ ಕೊರಳು ಹಿಡಿದು
ಬಾ, ಹೊಸ್ತಿಲು ತುಳಿಯದೆ ಬಾ, ಅನ್ನುತ್ತಾರೆ.
ನಾನು ನಾಯಿಯನ್ನು ಬರೆದಿದ್ದೆ, ಚೆನ್ನಾಗಿಯೇ.
ಹಿಡಿಯುವ ಕೈ ಬರೆದಿರಲಿಲ್ಲ.

ಈಗ ಬೆಳಗಿನ ಜಾವ ನಾಲ್ಕು. ಮತ್ತೆ ದುಂಡಗೆ ಮನೆ ಬರೆದಿದ್ದೇನೆ.
ಬೆರಳು ಸೋತವಳಿಗೆ ಯಾರು ಸಾಕ್ಷಿ?
ಪಶುವೈದ್ಯ? ಪಕ್ಕದ ಗುಡಾರದವರು? ಮಗಳು?
ಮಗಳೇ ಕಳ್ಳಿಯಾದರೆ, ಎಂದು ಅಂಚಿನಲ್ಲಿ ಬರೆದು,
ನಾಚಿಕೊಂಡು,
ಅಳಿಸದೆ ಬಿಟ್ಟೆ.